ತಕರಾಜುಕಾ: ಒಂದೇ ಪ್ರತಿಯ ಪುಸ್ತಕಗಳು

ಓಸಾಕಾ ನಗರದ ಉಮೇದಾ ನಿಲ್ದಾಣದಿಂದ ಹೊರಡುವ ಹಾಂಕ್ಯು ಕಂಪೆನಿಯ ರೈಲುಗಾಡಿಗಳಿಗೆ ಒಂದು ವಿಶಿಷ್ಟವಾದ ಬಣ್ಣವುಂಟು. ಅದು ಪೂರ್ಣ ಕೆಂಪೂ ಅಲ್ಲ, ಕಂದೂ ಅಲ್ಲ. ಅಂತಹ ಒಂದು ಗಾಡಿಯನ್ನು ಹತ್ತಿ ವಾಯವ್ಯ ದಿಕ್ಕಿಗೆ ಅರ್ಧ ಗಂಟೆಗೆ ತುಸು ಹೆಚ್ಚು ಕಾಲ ಪ್ರಯಾಣ ಮಾಡಿದರೆ ನಗರದ ಸಂದಣಿ ಕರಗಿ, ಬೆಟ್ಟಗಳು ಹತ್ತಿರ ಸರಿದು, ಮುಕೋ ನದಿಯ ದಡದಲ್ಲಿ ಹಳಿಯ ದಾರಿ ಕೊನೆಗಾಣುತ್ತದೆ. ಇದೇ ತಕರಾಜುಕಾ. ಜಪಾನೀ ಭಾಷೆಯಲ್ಲಿ ಈ ಹೆಸರಿಗೆ ‘ನಿಧಿಯ ದಿಬ್ಬ’ ಎಂದರ್ಥ.

ನಿಧಿ ಸಿಕ್ಕಿತೋ ಇಲ್ಲವೋ, ರೈಲು ಕಂಪೆನಿಯ ಇಚಿಜೋ ಕೊಬಯಾಶಿ ಎಂಬ ಚತುರನಿಗೆ ಇಲ್ಲಿನ ಬಿಸಿನೀರಿನ ಬುಗ್ಗೆಗಳೇ ನಿಧಿಯಾಗಿ ಕಂಡುವು. ಗಾಡಿ ತುಂಬಬೇಕಾದರೆ ದಾರಿಯ ಕೊನೆಯಲ್ಲಿ ಜನರಿಗೆ ಏನಾದರೂ ಆಕರ್ಷಣೆ ಇರಬೇಕಷ್ಟೆ. ಅವನು ಕಟ್ಟಿಸಿದ ಒಳಾಂಗಣ ಈಜುಕೊಳ ನಡೆಯಲಿಲ್ಲ. ಕೊಳದ ಮೇಲೆ ಹಲಗೆ ಹಾಸಿ ರಂಗಶಾಲೆ ಮಾಡಿ, ಹುಡುಗಿಯರ ಒಂದು ಗಾಯನತಂಡ ಕಟ್ಟಿ, 1914ರಲ್ಲಿ ಮೊದಲ ಪ್ರದರ್ಶನ ನಡೆಯಿಸಿದನು. ರಾಜಕುಮಾರನ ಪಾತ್ರವನ್ನೂ ಸ್ತ್ರೀಯರೇ ಧರಿಸುವ ಈ ನಾಟಕಮಂಡಲಿ ಊರಿನ ಹೆಸರನ್ನೇ ತಾನೂ ಹೊತ್ತು ಇಂದಿಗೂ ನಡೆಯುತ್ತಿದೆ. ಬರುವವರಲ್ಲಿ ಹೆಚ್ಚಿನವರು ಬರುವುದು ಅದಕ್ಕಾಗಿಯೇ.

ಆದರೆ ನಿಲ್ದಾಣದಿಂದ ‘ಹೂವಿನ ಹಾದಿ’ಯನ್ನು ಹಿಡಿದು ರಂಗಮಂದಿರವನ್ನು ದಾಟಿ ಇನ್ನೂ ಸ್ವಲ್ಪ ಮುಂದೆ ನಡೆದವರಿಗೆ ಬೇರೊಂದು ಕಟ್ಟಡ ಎದುರಾಗುತ್ತದೆ. ಬಾಗಿಲಲ್ಲಿ ರೆಕ್ಕೆಯ ಅಗ್ನಿಪಕ್ಷಿಯ ವಿಗ್ರಹ. ಪ್ರಸಿದ್ಧ ಚಿತ್ರಕಥೆಗಾರ ಒಸಾಮು ತೆಜುಕಾ ಅವರ ಸ್ಮರಣಾರ್ಥ 1994ರಲ್ಲಿ ಇದು ತೆರೆಯಿತು. ಐದನೆಯ ವಯಸ್ಸಿನಿಂದ ಇಪ್ಪತ್ತು ದಾಟುವವರೆಗೆ ಅವರು ಬೆಳೆದುದು ಈ ಊರಿನಲ್ಲಿ. ಜಪಾನಿನಲ್ಲಿ ಚಿತ್ರಕಥೆಗೆ ‘ಮಾಂಗಾ’ ಎನ್ನುತ್ತಾರೆ; ಆ ಮಾಂಗಾಲೋಕದ ದೇವರೆಂದೇ ತೆಜುಕಾ ಅವರನ್ನು ಕರೆಯುವುದುಂಟು. ದೇವರ ವಿಷಯ ಹಾಗಿರಲಿ. ಈ ಊರಿನಲ್ಲಿ ಅಡ್ಡಾಡುವಾಗ ಮನಸ್ಸಿಗೆ ಬರುವುದು ಯಾರೂ ಕೇಳದಿದ್ದರೂ ಪುಸ್ತಕ ಬರೆದು, ಯಾರೂ ಅಚ್ಚುಹಾಕದಿದ್ದರೂ ಅದಕ್ಕೆ ಮುಖಚಿತ್ರ ಬರೆದಿಡುತ್ತಿದ್ದ ಒಬ್ಬ ಕನ್ನಡಕದ ಹುಡುಗ.

ಆ ಕಾಲದಲ್ಲಿ ಊರ ಹಿಂದಿನ ಗುಡ್ಡಗಳಲ್ಲಿ ಹುಳುಹುಪ್ಪಟೆಗಳು ಹೇರಳವಾಗಿದ್ದುವು. ಸಹಪಾಠಿಯೊಬ್ಬನು ಒಂದು ದಿನ ಶೂಜಿರೋ ಹಿರಾಯಾಮ ಎಂಬವರು ರಚಿಸಿದ, ಸಾವಿರ ಬಗೆಯ ಕೀಟಗಳ ವರ್ಣಚಿತ್ರಗಳಿದ್ದ ಪುಸ್ತಕವನ್ನು ತೋರಿಸಿದನು. ಒಸಾಮು ಅದಕ್ಕೆ ಮರುಳಾದನು. ‘ಒಸಾಮುಶಿ’ ಎಂಬುದು ನೆಲದ ಮೇಲೆ ಓಡಾಡುವ ಗಟ್ಟಿ ಬೆನ್ನಿನ ಒಂದು ಹುಳು. ಹೆಸರಿನ ಹೋಲಿಕೆ ಕಂಡು ಹಿಗ್ಗಿದ ಹುಡುಗನು ತನ್ನ ಹೆಸರಿನ ಅಕ್ಷರಕ್ಕೆ ‘ಹುಳು’ ಎಂಬರ್ಥದ ಇನ್ನೊಂದು ಅಕ್ಷರವನ್ನು ಅಂಟಿಸಿಕೊಂಡನು. ಲೋಕಕ್ಕೆಲ್ಲ ಗೊತ್ತಾದ ಅಂಕಿತ ಅದೇ. ಮುಂದೆ ಮಾಧ್ಯಮಿಕ ಶಾಲೆಯಲ್ಲಿದ್ದಾಗ ಆ ಪುಸ್ತಕದ ಮಾದರಿಯಲ್ಲೇ ತಾನೂ ಒಂದು ಕೀಟಗ್ರಂಥವನ್ನು ಕೈಯಿಂದಲೇ ಬರೆದು ಬಣ್ಣ ತುಂಬಿದನು. ಚಿತ್ರಕ್ಕೆ ಬೇಕಾದ ಕೆಂಪು ಒದಗದಿದ್ದಾಗ ತನ್ನ ರಕ್ತವನ್ನೇ ಬಳಸಿದನೆಂಬ ಪ್ರತೀತಿಯೂ ಇದೆ. ನಂಬುವುದು ಬಿಡುವುದು ಓದುಗರಿಗೆ ಸೇರಿದ್ದು. ಆ ಚಿತ್ರಗಳನ್ನು ಕಂಡವರು ಮಾತ್ರ ತಟ್ಟನೆ ಅಲ್ಲಗಳೆಯಲಾರರು.

ಕೀಟಗಳ ಬೆನ್ನಿಗೆ ಕಥೆಗಳು ಬಂದುವು. ಷೆರ್ಲಾಕ್ ಹೋಮ್ಸನ ಕರ್ತೃವಾದ ಕಾನನ್ ಡಾಯ್ಲ್ 1912ರಲ್ಲಿ ‘ದಿ ಲಾಸ್ಟ್ ವರ್ಲ್ಡ್’ ಎಂಬ ಕಾದಂಬರಿಯನ್ನು ಪ್ರಕಟಿಸಿದ್ದನು. ದಕ್ಷಿಣ ಅಮೆರಿಕೆಯ ಒಂದು ಎತ್ತರದ ಪ್ರಸ್ಥಭೂಮಿಯಲ್ಲಿ ಪುರಾತನ ಯುಗದ ದೈತ್ಯ ಪ್ರಾಣಿಗಳು ಇನ್ನೂ ಬದುಕಿವೆಯೆಂಬ ಕಲ್ಪನೆ ಅದರದು. ಹುಡುಗನು ಆ ಹೆಸರನ್ನು ಹಾಗೆಯೇ ಎತ್ತಿಕೊಂಡನು; ದೈತ್ಯ ಪ್ರಾಣಿಗಳನ್ನೂ ಬಿಡಲಿಲ್ಲ. ಆದರೆ ಪ್ರಸ್ಥಭೂಮಿಯ ಬದಲು ಭೂಮಿಯಿಂದ ಎಂದೋ ಸಿಡಿದು ದೂರವಾಗಿ, ಈಗ ಮತ್ತೆ ಹತ್ತಿರ ಬರುತ್ತಿರುವ ‘ಮಮಾಂಗೋ’ ಎಂಬ ಗ್ರಹವನ್ನು ಸೃಷ್ಟಿಸಿದನು. ಅಲ್ಲಿಗೆ ಹಾರುವವನು ಒಬ್ಬ ಎಳೆಯ ವಿಜ್ಞಾನಿ. ಕೊನೆಗೆ ಅವನೂ, ಸಸ್ಯದಿಂದ ರೂಪುಗೊಂಡ ಒಬ್ಬ ಕನ್ಯೆಯೂ ಹಿಂದಿರುಗಲಾರದೆ ಆ ಗ್ರಹದಲ್ಲಿಯೇ ಉಳಿದುಬಿಡುತ್ತಾರೆ. ಮಕ್ಕಳ ಚಿತ್ರಕಥೆಗೆ ಇಂತಹ ಮುಕ್ತಾಯ ಆಗ ಅಪರೂಪವಾಗಿತ್ತು.

ಇದೆಲ್ಲ ಯುದ್ಧದ ವರ್ಷಗಳ ಮಾತು. ಪುಸ್ತಕಕ್ಕೆ ಪ್ರಕಾಶಕನಿಲ್ಲ, ಮುದ್ರಣಾಲಯವಿಲ್ಲ. ಓದುಗರೆಂದರೆ ಮನೆಯವರು ಮತ್ತು ತರಗತಿಯ ಗೆಳೆಯರು. ಒಂದೇ ಪ್ರತಿ ಕೈಯಿಂದ ಕೈಗೆ ಹೋಗಬೇಕು. ಹಾಗಿದ್ದೂ ಹುಡುಗನು ಹೊದಿಕೆಯ ಚಿತ್ರ ಬರೆದು, ಅಂದವಾದ ಅಕ್ಷರಗಳಲ್ಲಿ ಹೆಸರು ಬರೆದು, ಅಂಗಡಿಯಿಂದ ಆಗತಾನೆ ತಂದ ಪುಸ್ತಕದಂತೆಯೇ ಕಾಣಬೇಕೆಂದು ಶ್ರಮಪಟ್ಟನು. ಇದು ಆಟವೇ ಹೌದು. ಆದರೆ ಹೊದಿಕೆ ಬೇಕಾಗುವುದು ಪರಿಚಯವಿಲ್ಲದ ಓದುಗನಿಗೆ. ಗೆಳೆಯನಿಗೆ ಅದರ ಅಗತ್ಯವಿಲ್ಲ. ಆ ಪರಿಚಯವಿಲ್ಲದವನು ಎಲ್ಲಿಯೋ ಇದ್ದಾನೆಂದು ಹುಡುಗನು ನಂಬಿದ್ದಿರಬೇಕು.

ಅಂತಹ ನಂಬಿಕೆಗೆ ಆಗ ಆಧಾರವೇ ಇರಲಿಲ್ಲ. ದುರ್ಬಲ ಶರೀರದ ಹುಡುಗರಿಗೆಂದು ಏರ್ಪಡಿಸಿದ್ದ ತರಬೇತಿ ಶಿಬಿರದಲ್ಲಿ ಅವನ ಎರಡೂ ತೋಳುಗಳಿಗೆ ಚರ್ಮರೋಗ ಹತ್ತಿ, ಕತ್ತರಿಸಬೇಕಾದೀತೆಂಬಷ್ಟು ವಿಕೋಪಕ್ಕೆ ಹೋಯಿತು. ವೈದ್ಯರೊಬ್ಬರು ತೋಳುಗಳನ್ನು ಉಳಿಸಿದರು. ವೈದ್ಯನಾಗಬೇಕೆಂಬ ಆಸೆ ಮೊಳೆತುದು ಆಗಲೇ. ತರುವಾಯ ಓಸಾಕಾದ ಕಾರ್ಖಾನೆಯಲ್ಲಿ ದುಡಿಮೆ. ಅಲ್ಲಿಯೂ ಚಿತ್ರ ಬರೆಯುವ ಚಟ ಬಿಡದೆ, ಬರೆದ ಹಾಳೆಗಳನ್ನು ಶೌಚಾಲಯದ ಗೋಡೆಗೆ ಅಂಟಿಸಿ ಜೊತೆಗಾರರು ಓದುವಂತೆ ಮಾಡಿದನು! 1945ರ ಜೂನಿನ ಬಾಂಬುದಾಳಿಯ ದಿನ ಅವನು ಕಾವಲು ಗೋಪುರದ ಮೇಲಿದ್ದನು. ಬದುಕಿ ಉಳಿದುದು ಕೇವಲ ಅದೃಷ್ಟ. ಯುದ್ಧ ಮುಗಿದ ಆಗಸ್ಟಿನಲ್ಲಿ ಓಸಾಕಾಕ್ಕೆ ಹೋದಾಗ ಅಲ್ಲಿ ದೀಪಗಳು ಉರಿಯುತ್ತಿದ್ದುವೆಂದೂ, ತಾನು ಬದುಕಿದ್ದೇನೆಂದು ಆಗ ಅನಿಸಿತೆಂದೂ ಅವರು ಮುಂದೆ ಹೇಳಿಕೊಂಡಿದ್ದಾರೆ.

ಸುಟ್ಟುಹೋದ ಓಸಾಕಾದಲ್ಲಿ ಆಟದ ಸಾಮಾನಿನ ಅಂಗಡಿಗಳು ಮತ್ತೆ ತಲೆಯೆತ್ತಿದಾಗ, ಗೋಲಿ ಬುಗುರಿಗಳ ಜೊತೆಯಲ್ಲಿ ಅಗ್ಗದ ಚಿತ್ರಕಥೆಗಳೂ ಮಾರಾಟಕ್ಕೆ ಬಂದುವು. ಒರಟು ಕಾಗದ; ಹೊದಿಕೆಯ ಮೇಲೆ ಕಣ್ಣಿಗೆ ರಾಚುವ ಕೆಂಪು. ಆದುದರಿಂದ ಅವುಗಳಿಗೆ ‘ಕೆಂಪು ಪುಸ್ತಕ’ವೆಂದೇ ಹೆಸರಾಯಿತು. ಮಗುವಿನ ಕೈ ಚಾಚುವುದೂ ಬಿಡುವುದೂ ಆ ಹೊದಿಕೆಯೊಂದರಿಂದಲೇ ತೀರ್ಮಾನವಾಗಬೇಕು. ವೈದ್ಯವಿದ್ಯಾರ್ಥಿಯಾಗಿದ್ದ ತೆಜುಕಾ 1947ರಲ್ಲಿ ಹಿರಿಯ ಚಿತ್ರಕಾರ ಶಿಚಿಮಾ ಸಕಾಯಿ ಅವರ ಜೊತೆಗೂಡಿ, ಸ್ಟೀವನ್ಸನನ ‘ಟ್ರೆಷರ್ ಐಲೆಂಡ್’ ಕಾದಂಬರಿಯ ಹೆಸರನ್ನು ನೆನಪಿಸುವ ‘ಹೊಸ ನಿಧಿದ್ವೀಪ’ವನ್ನು ರಚಿಸಿದರು. ಸುಮಾರು 4 ಲಕ್ಷ ಪ್ರತಿಗಳು ಮಾರಾಟವಾದುವೆಂದು ಹೇಳುತ್ತಾರೆ. ನಿಧಿಯ ದಿಬ್ಬದ ಊರಿನ ಹುಡುಗ ನಿಧಿಯ ದ್ವೀಪದಿಂದ ಹೆಸರಾದುದು ಒಂದು ತಮಾಷೆಯ ಕಾಕತಾಳೀಯ. ಮರುವರ್ಷ ‘ಲಾಸ್ಟ್ ವರ್ಲ್ಡ್’ ಕೂಡ ಹೊಸದಾಗಿ ಬರೆಯಲ್ಪಟ್ಟು, ಎರಡು ಸಂಪುಟಗಳಾಗಿ, ನಿಜವಾದ ಹೊದಿಕೆ ತೊಟ್ಟು ಅಂಗಡಿಗೆ ಬಂದಿತು.

ಇನ್ನು ಉಳಿದುದು ಒಂದು ಕಠಿಣ ಪ್ರಶ್ನೆ. ಹಗಲು ಅಂಗರಚನಾ ಶಾಸ್ತ್ರ, ರಾತ್ರಿ ಚಿತ್ರಕಥೆ. ಎರಡು ದೋಣಿಗಳಲ್ಲಿ ಎಷ್ಟು ಕಾಲ ಕಾಲಿಡಲಾದೀತು? ವೈದ್ಯವೃತ್ತಿಗೆ ಗೌರವವಿತ್ತು, ಅನ್ನವಿತ್ತು. ಚಿತ್ರಕಥೆಗೆ ಎರಡರ ಭರವಸೆಯೂ ಇರಲಿಲ್ಲ. ತೆಜುಕಾ ತಾಯಿಯನ್ನು ಕೇಳಿದರು. ನಿನಗೆ ಹೆಚ್ಚು ಪ್ರಿಯವಾದುದು ಯಾವುದೋ ಅದನ್ನೇ ಮಾಡು ಎಂಬರ್ಥದ ಉತ್ತರ ಬಂದಿತು. ಮಗನನ್ನು ಬಾಲ್ಯದಲ್ಲಿ ಊರಿನ ರಂಗಮಂದಿರಕ್ಕೆ ಕರೆದೊಯ್ಯುತ್ತಿದ್ದ ತಾಯಿ ಆಕೆ. ಗಂಡುವೇಷದ ರಾಜಕುಮಾರಿಯೊಬ್ಬಳ ಕಥೆ 1953ರಲ್ಲಿ ಅವರ ಲೇಖನಿಯಿಂದ ಹೊರಬಂದುದು ಆ ಸಂಜೆಗಳ ಋಣವೇ. ಮಗ ವೈದ್ಯಪರೀಕ್ಷೆಯಲ್ಲಿಯೂ ತೇರ್ಗಡೆಯಾದನು. ಆದರೆ ಆಸ್ಪತ್ರೆಯನ್ನು ವೃತ್ತಿಯಾಗಿ ಹಿಡಿಯಲಿಲ್ಲ. 1952ರಲ್ಲಿ ತಕರಾಜುಕಾವನ್ನು ಬಿಟ್ಟು ಟೋಕಿಯೋಗೆ ತೆರಳಿದರು. ಭಾರತದ ನೆಲದಲ್ಲಿ ನಡೆಯುವ ‘ಬುದ್ಧ’ನ ದೀರ್ಘ ಚಿತ್ರಕಥೆಯನ್ನು ಬರೆದವರೂ ಇವರೇ. 1989ರ ಫೆಬ್ರವರಿಯಲ್ಲಿ ನಿಧನರಾದರು.

ಯುದ್ಧಕಾಲದ ಆ ಕೈಬರಹದ ‘ಲಾಸ್ಟ್ ವರ್ಲ್ಡ್’ ಕಳೆದುಹೋಗಲಿಲ್ಲ. ಹಲವು ದಶಕಗಳ ತರುವಾಯ ಅದನ್ನೂ ಅಚ್ಚುಹಾಕಿ, ಬೇಕಾದವರು ಕೊಂಡು ಓದುವಂತೆ ಮಾಡಿದರು. ತಕರಾಜುಕಾದ ಸಂಗ್ರಹಾಲಯದ ನೆಲಮಾಳಿಗೆಯಲ್ಲಿ, ಬಂದ ಮಕ್ಕಳು ತಾವೇ ಗೆರೆ ಎಳೆದು ಅದು ಓಡಾಡುವುದನ್ನು ನೋಡಲು ಅನುಕೂಲ ಮಾಡಿರುವ ಕೋಣೆಯೊಂದಿದೆ. ಅಲ್ಲಿ ಕುಳಿತ ಮಗುವನ್ನು ಎಬ್ಬಿಸಿ ಹೊರಡಿಸುವುದು ತಾಯಂದಿರಿಗೆ ಸುಲಭವಲ್ಲ. ಹೊರಗೆ ಮುಕೋ ನದಿ ಹರಿಯುತ್ತಿರುತ್ತದೆ. ಓಸಾಕಾಕ್ಕೆ ಹಿಂದಿರುಗುವ ಗಾಡಿ ನಿಲ್ದಾಣದಲ್ಲಿ ಸಿದ್ಧವಾಗಿರುತ್ತದೆ.