ಹಾಸು ಹೊಕ್ಕು

ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆಯನ್ನು ಕೇಳದವರು ವಿರಳ. ಹಲವರು ಹಂಚಿಕೊಂಡು ಹೊತ್ತರೆ ಯಾರಿಗೂ ಭಾರವೆನಿಸುವುದಿಲ್ಲ. ಅಷ್ಟನ್ನೂ ಒಬ್ಬನೇ ಹೊತ್ತರೆ ಕತ್ತು ಸೋಲುತ್ತದೆ. ಹೊರೆ ಹೊರುವ ಕೆಲಸಕ್ಕೆ ಈ ಮಾತು ಸೊಗಸಾಗಿ ಒಪ್ಪುತ್ತದೆ. ಆದರೆ ಮನಸ್ಸಿನಲ್ಲಿ ಮೂಡಿದ ಕಲ್ಪನೆಗೆ ರೂಪ ಕೊಡುವ ಕೆಲಸಕ್ಕೂ ಇದು ಒಪ್ಪುವುದೆ? ಕಲ್ಪನೆಯನ್ನು ಹುಲ್ಲುಕಡ್ಡಿಯಂತೆ ಹತ್ತು ಪಾಲು ಮಾಡಿ ಹಂಚಲು ಸಾಧ್ಯವೆ? ವಿನ್ಯಾಸವನ್ನು ಕಲಿಯಲು ಹೊರಟ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದಲ್ಲ ಒಂದು ದಿನ ಈ ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ.

ಕವಿಯು ಒಂಟಿಯಾಗಿ ಕುಳಿತು ಕವಿತೆಯನ್ನು ಬರೆದು ಮುಗಿಸಬಹುದು. ವಿನ್ಯಾಸಕಾರನಿಗೆ ಆ ಸ್ವಾತಂತ್ರ್ಯವಿಲ್ಲ. ಒಂದು ಕುರ್ಚಿಯನ್ನೇ ತೆಗೆದುಕೊಂಡರೂ ಅದರ ಆಕಾರವನ್ನು ಬರೆಯುವವನೊಬ್ಬ, ಚೌಕಟ್ಟನ್ನು ಜೋಡಿಸುವವನೊಬ್ಬ, ಕೂರುವ ಜಾಗಕ್ಕೆ ಬಟ್ಟೆ ನೇಯುವವನೊಬ್ಬ. ಕೊನೆಗೆ ಅದರ ಮೇಲೆ ಕುಳಿತುಕೊಳ್ಳುವವನು ಇವರಾರೂ ಅಲ್ಲದ ಮತ್ತೊಬ್ಬ. ಆದುದರಿಂದಲೇ ವಿನ್ಯಾಸಶಾಲೆಗಳಲ್ಲಿ ತಂಡವಾಗಿ ದುಡಿಯುವುದೂ ಒಂದು ಪಾಠ. ಆದರೆ ಶಾಲೆಗೆ ಬರುವ ವಿದ್ಯಾರ್ಥಿ ತಂಡದ ಕನಸನ್ನು ಹೊತ್ತು ಬರುವುದಿಲ್ಲ. ತನ್ನದೇ ಆದ ಕನಸನ್ನು ಹೊತ್ತು ಬರುತ್ತಾನೆ. ಹತ್ತು ಮಂದಿಯ ನಡುವೆ ಕುಳಿತಾಗ, "ಇದರಲ್ಲಿ ನನ್ನದು ಯಾವುದು?" ಎಂದು ಅವನ ಮನಸ್ಸು ಕೇಳುತ್ತದೆ. ಈ ಪ್ರಶ್ನೆಯನ್ನು ಸ್ವಾರ್ಥವೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ನ್ಯಾಯವಲ್ಲ. ಸುಮಾರು ನೂರು ವರ್ಷಗಳ ಹಿಂದೆ ಜರ್ಮನಿಯ ಒಂದು ಶಾಲೆಯಲ್ಲಿ ಇದೇ ಪ್ರಶ್ನೆ ಒಬ್ಬ ವಿದ್ಯಾರ್ಥಿನಿಯ ಬಾಳನ್ನು ತಿರುಗಿಸಿತು.

ಮೊದಲನೆಯ ಮಹಾಯುದ್ಧ ಮುಗಿದ ಮರುವರ್ಷ, ಎಂದರೆ 1919ರಲ್ಲಿ, ಜರ್ಮನಿಯ ವೈಮಾರ್ ನಗರದಲ್ಲಿ ಬೌಹೌಸ್ ಎಂಬ ಶಾಲೆ ಪ್ರಾರಂಭವಾಯಿತು. ವಾಲ್ಟರ್ ಗ್ರೋಪಿಯಸ್ ಎಂಬ ವಾಸ್ತುಶಿಲ್ಪಿ ಅದರ ಸ್ಥಾಪಕ. ಚಿತ್ರಕಾರ, ಶಿಲ್ಪಿ, ಕಮ್ಮಾರ, ಬಡಗಿ, ನೇಕಾರ ಇವರೆಲ್ಲರೂ ಬೇರೆಬೇರೆಯಾಗಿ ದುಡಿಯದೆ ಒಂದೇ ಕಟ್ಟಡಕ್ಕಾಗಿ ಒಂದಾಗಿ ದುಡಿಯಬೇಕೆಂಬುದು ಆತನ ಆಶಯ. ಶಾಲೆಯ ಘೋಷಣಾಪತ್ರದ ಮುಖಪುಟದಲ್ಲಿ ಒಂದು ದೊಡ್ಡ ಇಗರ್ಜಿಯ ಚಿತ್ರವನ್ನು ಅಚ್ಚು ಹಾಕಿಸಿದ್ದರು. ಯೂರೋಪಿನ ಮಧ್ಯಯುಗದ ಅಂತಹ ಇಗರ್ಜಿಗಳನ್ನು ಕಟ್ಟಿದವರು ಅಸಂಖ್ಯಾತ ಕೆಲಸಗಾರರು. ಅವರಲ್ಲಿ ಬಹುಮಂದಿಯ ಹೆಸರು ಯಾರಿಗೂ ತಿಳಿಯದು. ಹೆಸರಿನ ಹಂಬಲವಿಲ್ಲದೆ ಕೂಡಿ ದುಡಿಯುವ ಆದರ್ಶಕ್ಕೆ ಆ ಚಿತ್ರ ಒಂದು ಸಂಕೇತವಾಗಿತ್ತು.

ಈ ಶಾಲೆಗೆ 1922ರಲ್ಲಿ ಆನಿ ಫ್ಲೈಷ್‌ಮನ್ ಎಂಬ ಯುವತಿ ಬಂದು ಸೇರಿದಳು. ಮುಂದೆ ಜೋಸೆಫ್ ಆಲ್ಬರ್ಸ್ ಎಂಬ ಕಲಾವಿದನನ್ನು ಮದುವೆಯಾಗಿ ಆನಿ ಆಲ್ಬರ್ಸ್ ಎಂದು ಪ್ರಸಿದ್ಧಳಾದವಳು ಈಕೆಯೇ. ಬರ್ಲಿನ್ನಿನ ಅನುಕೂಲಸ್ಥ ಮನೆತನದಲ್ಲಿ 1899ರಲ್ಲಿ ಹುಟ್ಟಿದ ಆಕೆಗೆ ಎಳೆಯ ವಯಸ್ಸಿನಿಂದಲೂ ಚಿತ್ರಕಲೆಯಲ್ಲಿ ಆಸಕ್ತಿ. ಬೌಹೌಸಿಗೆ ಬಂದ ಮೇಲೆ ಗಾಜಿನ ಕಾರ್ಯಾಗಾರದಲ್ಲಿ ಕಲಿಯಬೇಕೆಂದು ಆಕೆ ಬಯಸಿದಳು. ಬಣ್ಣಬಣ್ಣದ ಗಾಜಿನ ತುಂಡುಗಳ ಮೂಲಕ ಬೆಳಕನ್ನು ಹಾಯಿಸುವ ಆ ಕಲೆ ಆಕೆಯ ಮನಸ್ಸನ್ನು ಸೆಳೆದಿತ್ತು. ಆದರೆ ಆ ಬಯಕೆ ಈಡೇರಲಿಲ್ಲ. ಆಕೆ ಸೇರಬೇಕಾಗಿ ಬಂದದ್ದು ನೇಯ್ಗೆಯ ಕಾರ್ಯಾಗಾರವನ್ನು.

ಇದಕ್ಕೆ ಕಾರಣವಿತ್ತು, ಆ ಕಾರಣ ಶಾಲೆಗೆ ಗೌರವ ತರುವಂತಹುದಲ್ಲ. ಹೆಣ್ಣು ಗಂಡೆಂಬ ಭೇದವಿಲ್ಲದೆ ಎಲ್ಲರಿಗೂ ಇಲ್ಲಿ ಸಮಾನ ಸ್ಥಾನವೆಂದು ಗ್ರೋಪಿಯಸ್ ಮೊದಲಿಗೆ ಸಾರಿದ್ದನು. ಅದನ್ನು ನಂಬಿ ಬಹುಮಂದಿ ಯುವತಿಯರು ಬಂದು ಸೇರಿದರು. ಅವರ ಸಂಖ್ಯೆ ಹೆಚ್ಚಿದುದನ್ನು ಕಂಡು ಗುರುಗಳಿಗೆ ಗಾಬರಿಯಾಯಿತು. 1920ರ ಹೊತ್ತಿಗೆ ಯುವತಿಯರ ಪ್ರವೇಶವನ್ನು ಬಿಗಿಗೊಳಿಸಿ, ಬಂದವರಲ್ಲಿ ಹೆಚ್ಚಿನವರನ್ನು ಮಗ್ಗಗಳ ಕಡೆಗೆ ಕಳುಹಿಸುವ ಏರ್ಪಾಡಾಯಿತು. ಎಲ್ಲರೂ ಕೂಡಿ ದುಡಿಯಬೇಕೆಂದ ಶಾಲೆಯೇ ಯಾರು ಎಲ್ಲಿ ದುಡಿಯಬೇಕೆಂಬುದನ್ನು ಅವರ ಯೋಗ್ಯತೆಯನ್ನು ನೋಡದೆ ತೀರ್ಮಾನಿಸಿತು. ಆನಿಗೆ ದಾರವೆಂದರೆ ಒಲವಿರಲಿಲ್ಲ. ಅದು ಬಲವಿಲ್ಲದವರ ಕಸುಬೆಂಬ ಭಾವನೆಯೂ ಆಕೆಯಲ್ಲಿತ್ತು. ಮನಸ್ಸಿಲ್ಲದ ಮನಸ್ಸಿನಿಂದ ಆಕೆ ಮಗ್ಗದ ಮುಂದೆ ಕುಳಿತಳು.

ಆ ಕಾರ್ಯಾಗಾರದ ಸ್ಥಿತಿಯೂ ವಿಚಿತ್ರವಾಗಿತ್ತು. ರೂಪವನ್ನು ಕಲಿಸಲು ನೇಮಕವಾಗಿದ್ದ ಗುರು ಒಬ್ಬ ಚಿತ್ರಕಾರ. ಆತನಿಗೆ ಮಗ್ಗದ ಪರಿಚಯವಿರಲಿಲ್ಲ. ಕಸುಬನ್ನು ಕಲಿಸುತ್ತಿದ್ದ ಗುರುವಿಗೆ ಹಳೆಯ ಪದ್ಧತಿಗಳು ತಿಳಿದಿದ್ದವು. ಹೊಸ ಪ್ರಯೋಗಗಳಿಗೆ ಅಷ್ಟು ಸಾಲುತ್ತಿರಲಿಲ್ಲ. ಹೀಗಾಗಿ ಆ ಯುವತಿಯರು ಬಹುಮಟ್ಟಿಗೆ ಒಬ್ಬರಿಂದೊಬ್ಬರು ಕಲಿತುಕೊಂಡರು. ಒಬ್ಬಳು ಕಂಡುಕೊಂಡದ್ದು ಪಕ್ಕದವಳಿಗೆ ಪಾಠವಾಯಿತು; ಒಬ್ಬಳ ತಪ್ಪು ಎಲ್ಲರಿಗೂ ಎಚ್ಚರಿಕೆಯಾಯಿತು.

ಅವರಲ್ಲಿ ಹಿರಿಯಳಂತಿದ್ದವಳು ಗುಂಟಾ ಸ್ಟೋಲ್ಸಲ್. ಯುದ್ಧಕಾಲದಲ್ಲಿ ರೆಡ್‌ಕ್ರಾಸ್ ದಾದಿಯಾಗಿ ಸೇವೆ ಸಲ್ಲಿಸಿ, 1919ರಲ್ಲೇ ಶಾಲೆಗೆ ಬಂದವಳು ಆಕೆ. ಕಾರ್ಯಾಗಾರದಲ್ಲಿ ನೂಲಿಗೆ ಬಣ್ಣ ಹಾಕುವ ವಿದ್ಯೆಯನ್ನು ಬಲ್ಲವರಿಲ್ಲದಾಗ, 1922ರಲ್ಲಿ ಒಬ್ಬ ಗೆಳತಿಯೊಡನೆ ಕ್ರೇಫೆಲ್ಡ್ ಎಂಬ ಜವಳಿಯ ಊರಿಗೆ ಹೋಗಿ ಅದನ್ನು ಕಲಿತು ಬಂದಳು. ಕಲಿತದ್ದನ್ನು ತನ್ನಲ್ಲೇ ಬಚ್ಚಿಟ್ಟುಕೊಳ್ಳಲಿಲ್ಲ. ಶಾಲೆಯ ಬಣ್ಣದ ಮನೆಯನ್ನು ಮತ್ತೆ ನಡೆಯುವಂತೆ ಮಾಡಿದಳು. ಶಾಲೆ 1925ರಲ್ಲಿ ಡೆಸ್ಸಾವು ನಗರಕ್ಕೆ ಸ್ಥಳಾಂತರಗೊಂಡ ಮೇಲೆ, 1927ರಲ್ಲಿ ಆ ಕಾರ್ಯಾಗಾರದ ಮುಖ್ಯಸ್ಥಳೂ ಆದಳು. ತಂಡದ ಏಳಿಗೆಯನ್ನೇ ತನ್ನ ಗುರಿಯಾಗಿ ಮಾಡಿಕೊಂಡವರಿಗೆ ಸ್ವಂತ ಗುರಿ ಕೈತಪ್ಪಿಹೋಗುವುದೆಂಬ ಭಯವಿರುವುದಿಲ್ಲ. ಗುಂಟಾ ಅಂತಹವಳು. ಆದರೆ ಎಲ್ಲರ ಸ್ವಭಾವವೂ ಒಂದೇ ಅಲ್ಲ. ಆನಿಯ ಹಾದಿ ಬೇರೆಯಾಗಿತ್ತು.

ನೇಯ್ಗೆಯ ಕ್ರಮವನ್ನು ನೋಡಿದವರಿಗೆ ಅದರ ಮರ್ಮ ತಿಳಿದಿರುತ್ತದೆ. ಮಗ್ಗದಲ್ಲಿ ಉದ್ದಕ್ಕೆ ಬಿಗಿಯಾಗಿ ಹೂಡಿದ ಎಳೆಗಳಿಗೆ ಹಾಸು ಎಂದು ಹೆಸರು. ಲಾಳಿಯ ಜೊತೆಯಲ್ಲಿ ಅಡ್ಡಲಾಗಿ ಓಡಾಡುವ ಎಳೆಗೆ ಹೊಕ್ಕು ಎಂದು ಹೆಸರು. ಹಾಸು ಅಲುಗಾಡುವಂತಿಲ್ಲ, ಅದು ಸಡಿಲವಾದರೆ ಬಟ್ಟೆ ಕೆಡುತ್ತದೆ. ಹೊಕ್ಕು ಸುಮ್ಮನಿರುವಂತಿಲ್ಲ, ಅದು ನಿಂತರೆ ಬಟ್ಟೆ ಬೆಳೆಯುವುದಿಲ್ಲ. ಉದ್ದನೆಯ ಹಾಸನ್ನು ಹೂಡುವಾಗ ಒಬ್ಬರು ಎಳೆಗಳನ್ನು ಬಿಗಿಹಿಡಿದು ನಿಂತು, ಮತ್ತೊಬ್ಬರು ಸುತ್ತುತ್ತಾ ಹೋದರೆ ಕೆಲಸ ಸರಾಗ. ಹೊಕ್ಕನ್ನು ಹಾಯಿಸುವಾಗ ಮಾತ್ರ ನೇಯುವವರು ಒಬ್ಬರೇ; ಬಣ್ಣವೂ ಹೆಣಿಗೆಯೂ ಅವರ ಆಯ್ಕೆ. ತಂಡಕ್ಕೂ ವ್ಯಕ್ತಿಗೂ ಇರುವ ಸಂಬಂಧ ಇದೇ ಬಗೆಯದು. ತಂಡವು ಹಾಸು, ವ್ಯಕ್ತಿಯ ಗುರಿ ಹೊಕ್ಕು. ಹಾಸು ಮಾತ್ರವಿದ್ದರೆ ಅದು ಬರಿಯ ದಾರಗಳ ಸಾಲು. ಹೊಕ್ಕು ಮಾತ್ರವಿದ್ದರೆ ಅದು ನೆಲದ ಮೇಲೆ ಬಿದ್ದ ನೂಲಿನ ಉಂಡೆ.

ಬೌಹೌಸಿನಲ್ಲಿಯೇ ಕಲಿತ ಮಾರ್ಸೆಲ್ ಬ್ರಾಯರ್ ಎಂಬಾತ 1925ರ ಸುಮಾರಿಗೆ ಉಕ್ಕಿನ ಕೊಳವೆಗಳನ್ನು ಬಾಗಿಸಿ ಕುರ್ಚಿಗಳನ್ನು ಮಾಡಲು ತೊಡಗಿದನು. ಕೊಳವೆಗಳ ಚೌಕಟ್ಟು ಎಷ್ಟು ಅಂದವಾಗಿದ್ದರೇನು, ಅದರ ಮೇಲೆ ಮನುಷ್ಯ ಕೂರಲಾರ. ಕೂರುವಾತನ ಭಾರವನ್ನು ತಡೆಯಬಲ್ಲ, ಬೇಗ ಜೋಲುಬೀಳದ ಬಟ್ಟೆ ಬೇಕಾಗಿತ್ತು. ಕಬ್ಬಿಣದ ನೂಲೆಂದು ಹೆಸರಾದ, ಮೇಣ ಸವರಿದ ಗಟ್ಟಿ ಹತ್ತಿಯ ದಾರದ ಬಟ್ಟೆ ಅದಕ್ಕೆ ಒದಗಿತು. ಅದನ್ನು ಉತ್ತಮಪಡಿಸುವ ಕೆಲಸ ನೇಯ್ಗೆಯ ಕಾರ್ಯಾಗಾರದಲ್ಲಿ ನಡೆಯಿತು. ಆ ಕುರ್ಚಿಗಳನ್ನು ನೆನೆಯುವಾಗ ಜನರು ಬ್ರಾಯರನ ಹೆಸರನ್ನು ಹೇಳುತ್ತಾರೆ. ಬಟ್ಟೆಗಾಗಿ ಶ್ರಮಿಸಿದವರ ಹೆಸರನ್ನು ಹೇಳುವವರು ಕಡಿಮೆ. ತಂಡದ ಕೆಲಸದಲ್ಲಿ ಕೀರ್ತಿಯು ಸಮನಾಗಿ ಹಂಚಿಹೋಗುವುದಿಲ್ಲ. ಈ ಕಹಿಯನ್ನು ಮರೆಮಾಚಿ ತಂಡದ ಮಹಿಮೆಯನ್ನು ಮಾತ್ರ ಹೊಗಳುವುದು ಸತ್ಯಕ್ಕೆ ದೂರ.

ಆನಿ ಮಗ್ಗವನ್ನು ಒಲ್ಲದೆಯೇ ಹಿಡಿದಿದ್ದಳು. ಆದರೆ ವರ್ಷಗಳು ಕಳೆದಂತೆ ದಾರವೇ ಆಕೆಯ ಆಸಕ್ತಿಯನ್ನು ಕೆರಳಿಸಿತು. ಬರ್ಲಿನ್ನಿಗೆ ಸಮೀಪದ ಬರ್ನಾವು ಎಂಬಲ್ಲಿ 1928ರಿಂದ 1930ರವರೆಗೆ ಕಾರ್ಮಿಕ ಸಂಘಗಳಿಗಾಗಿ ಒಂದು ಶಾಲೆಯ ಕಟ್ಟಡ ಎದ್ದಿತು. ಗ್ರೋಪಿಯಸ್‌ನ ಅನಂತರ ಬೌಹೌಸಿನ ನಿರ್ದೇಶಕನಾಗಿದ್ದ ಹಾನ್ನೆಸ್ ಮೇಯರ್ ಅದರ ವಾಸ್ತುಶಿಲ್ಪಿ. ಅದರ ಸಭಾಂಗಣದಲ್ಲಿ ಮಾತು ಪ್ರತಿಧ್ವನಿಸದಂತೆ ಮಾಡುವುದು ಒಂದು ಸಮಸ್ಯೆಯಾಗಿತ್ತು. ಆನಿ ಆ ಗೋಡೆಗಳಿಗಾಗಿ ಒಂದು ಬಟ್ಟೆಯನ್ನು ನೇಯ್ದಳು. ಅದರ ಹಿಂಬದಿ ಸದ್ದನ್ನು ಹೀರಿಕೊಳ್ಳುತ್ತಿತ್ತು. ಸೆಲೋಫೇನ್ ಎಳೆಗಳನ್ನು ಸೇರಿಸಿದ ಮುಂಬದಿ ಬೆಳಕನ್ನು ಪ್ರತಿಫಲಿಸುತ್ತಿತ್ತು. ಈ ಕೆಲಸದ ಆಧಾರದ ಮೇಲೆ ಆಕೆ 1930ರಲ್ಲಿ ಶಾಲೆಯ ಡಿಪ್ಲೊಮಾ ಪಡೆದಳು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಗಾಜಿನ ಮೂಲಕ ಬೆಳಕನ್ನು ಆಳಬೇಕೆಂದು ಬಂದವಳು ಕೊನೆಗೆ ಬೆಳಕನ್ನು ನೂಲಿನಿಂದಲೇ ಆಳಿದಳು. ಹಾಗಾದರೆ ಆಕೆಯ ಗುರಿ ತಪ್ಪಿತೆ, ಈಡೇರಿತೆ? ಗಾಜು ಆಕೆಯ ಗುರಿಯಾಗಿದ್ದರೆ ಅದು ತಪ್ಪಿತು. ಬೆಳಕೇ ಗುರಿಯಾಗಿದ್ದರೆ ಅದು ಈಡೇರಿತು. ಎಳೆಯ ವಯಸ್ಸಿನಲ್ಲಿ ಗುರಿಯನ್ನೂ ಗುರಿಗೆ ಹೋಗುವ ಒಂದು ದಾರಿಯನ್ನೂ ಬೇರ್ಪಡಿಸಿ ನೋಡುವುದು ಕಷ್ಟ. ದಾರಿ ಮುಚ್ಚಿದಾಗ ಗುರಿಯೇ ಮುಳುಗಿತೆಂದು ಭಾಸವಾಗುತ್ತದೆ. ಇತರರೊಡನೆ ದುಡಿಯುವಾಗ, ಇತರರು ಮುಂದಿಟ್ಟ ಸಮಸ್ಯೆಗೆ ಉತ್ತರ ಹುಡುಕುವಾಗ, ತನಗೆ ನಿಜವಾಗಿ ಬೇಕಾದದ್ದು ಯಾವುದೆಂಬುದು ಮೆಲ್ಲಮೆಲ್ಲನೆ ತಿಳಿಯುತ್ತದೆ.

ಹಾಗೆಂದು ಆನಿಗೆ ಬಾಗಿಲು ಮುಚ್ಚಿದವರು ಒಳ್ಳೆಯದನ್ನೇ ಮಾಡಿದರೆಂದು ತಿಳಿಯಬಾರದು. ಒಬ್ಬಳು ಮುಳ್ಳಿನ ಹಾದಿಯನ್ನು ದಾಟಿದಳೆಂದ ಮಾತ್ರಕ್ಕೆ ಮುಳ್ಳು ಹರಡಿದವರ ತಪ್ಪು ಇಲ್ಲವಾಗುವುದಿಲ್ಲ. ಅದೇ ಶಾಲೆಯಲ್ಲಿ ಮರಿಯಾನ್ನೆ ಬ್ರಾಂಟ್ ಎಂಬಾಕೆ 1924ರಲ್ಲಿ ಲೋಹದ ಕಾರ್ಯಾಗಾರವನ್ನು ಸೇರಿದಳು. ಅಲ್ಲಿ ಹೆಂಗಸಿಗೇನು ಕೆಲಸವೆಂಬುದು ಸಹಪಾಠಿಗಳ ಭಾವನೆ. ಮೊದಮೊದಲು ಆಕೆಗೆ ಬೇಸರ ಹಿಡಿಸುವ ಕೆಲಸಗಳನ್ನೇ ಒಪ್ಪಿಸಿದರು. ಆಕೆ ಹಿಂಜರಿಯದೆ ದುಡಿದಳು. ಆ ವರ್ಷವೇ ಆಕೆ ಮಾಡಿದ ಪುಟ್ಟ ಚಹಾಪಾತ್ರೆಯನ್ನು ಇಂದು ವಸ್ತುಸಂಗ್ರಹಾಲಯಗಳು ಜೋಪಾನವಾಗಿ ಕಾಪಾಡುತ್ತಿವೆ. 1928ರಲ್ಲಿ ಅದೇ ಕಾರ್ಯಾಗಾರವನ್ನು ನಡೆಸುವ ಹೊಣೆ ಆಕೆಗೆ ಬಂದಿತು. ಆದರೆ ಇಂತಹ ಅಡ್ಡಿಗಳ ಮುಂದೆ ಹಿಂದಿರುಗಿದವರು ಎಷ್ಟು ಮಂದಿಯೋ! ಅವರು ಮಾಡಬಹುದಾಗಿದ್ದ ಪಾತ್ರೆಗಳು ಯಾವ ಸಂಗ್ರಹಾಲಯದಲ್ಲಿಯೂ ಇಲ್ಲ. ವ್ಯಕ್ತಿಯು ತಂಡಕ್ಕೆ ಋಣಿಯಾಗಿರುವಂತೆ ತಂಡವೂ ವ್ಯಕ್ತಿಗೆ ಋಣಿ. ಅತಿಯಾಗಿ ಬಿಗಿದ ಹಾಸಿನ ಎಳೆಯೂ ಕಡಿದುಹೋಗುತ್ತದೆ.

ತರಗತಿಯಲ್ಲಿ ನಾಲ್ಕೈದು ಮಂದಿ ಕೂಡಿ ಒಂದು ಮಾದರಿಯನ್ನು ಮಾಡುವಾಗಲೂ ಇದೇ ನಾಟಕ ಚಿಕ್ಕದಾಗಿ ನಡೆಯುತ್ತದೆ. ಗಟ್ಟಿ ದನಿಯವನು ತನ್ನ ಕಲ್ಪನೆಯೇ ನಡೆಯಬೇಕೆನ್ನುತ್ತಾನೆ. ಸಂಕೋಚದವನು ಒಳ್ಳೆಯ ಕಲ್ಪನೆಯನ್ನು ಮನಸ್ಸಿನಲ್ಲಿಯೇ ಇಟ್ಟುಕೊಂಡು ಮನೆಗೆ ಹೋಗುತ್ತಾನೆ. ಒಬ್ಬನು ಯಾರನ್ನೂ ನಂಬದೆ ಎಲ್ಲವನ್ನೂ ತಾನೇ ಮಾಡಿ ದಣಿಯುತ್ತಾನೆ. ಮತ್ತೊಬ್ಬನು ಏನನ್ನೂ ಮಾಡದೆ ಅಂಕಗಳನ್ನು ಮಾತ್ರ ಹಂಚಿಕೊಳ್ಳುತ್ತಾನೆ. ಅವರೆಲ್ಲರೂ ಕೆಲಸಕ್ಕೆ ಕುಳಿತುಕೊಳ್ಳುವ ಮೊದಲು ಎರಡು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಈ ಕೆಲಸದಿಂದ ನಾನು ಏನನ್ನು ಕಲಿಯಬೇಕು? ನನ್ನ ಪಕ್ಕದವನು ಏನನ್ನು ಕಲಿಯಬಯಸುತ್ತಾನೆ? ಮೊದಲನೆಯದನ್ನು ಮರೆತವನು ತಂಡದಲ್ಲಿ ಕರಗಿಹೋಗುತ್ತಾನೆ. ಎರಡನೆಯದನ್ನು ಮರೆತವನು ತಂಡವನ್ನೇ ಕೆಡಿಸುತ್ತಾನೆ.

ನಾಟ್ಸಿಗಳ ಒತ್ತಡಕ್ಕೆ ಸಿಕ್ಕಿ 1933ರಲ್ಲಿ ಬೌಹೌಸ್ ಮುಚ್ಚಿತು. ಕೂಡಿ ಕಲಿತವರು ಹಲವು ದೇಶಗಳಿಗೆ ಚದುರಿದರು. ಗುಂಟಾ ಅದಕ್ಕೆ ಎರಡು ವರ್ಷ ಮೊದಲೇ ಸ್ವಿಟ್ಜರ್ಲೆಂಡಿಗೆ ಹೋಗಿ ಅಲ್ಲಿ ಮಗ್ಗಗಳನ್ನು ಹೂಡಿದ್ದಳು. ಆನಿ ಅಮೆರಿಕಕ್ಕೆ ಹೋಗಿ ಬ್ಲ್ಯಾಕ್ ಮೌಂಟನ್ ಕಾಲೇಜಿನಲ್ಲಿ ನೇಯ್ಗೆಯನ್ನು ಕಲಿಸಿದಳು. ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯವು 1949ರಲ್ಲಿ ಆಕೆಯ ಕೃತಿಗಳ ಪ್ರದರ್ಶನವನ್ನು ಏರ್ಪಡಿಸಿತು. ಒಬ್ಬ ನೇಕಾರರ ಕೃತಿಗಳಿಗೆಂದೇ ಅಲ್ಲಿ ನಡೆದ ಮೊದಲ ಪ್ರದರ್ಶನವದು. ಒಲ್ಲದೆ ಹಿಡಿದ ದಾರ ಆಕೆಯನ್ನು ಅಲ್ಲಿಗೆ ಕರೆದೊಯ್ದಿತ್ತು.

1965ರಲ್ಲಿ ನೇಯ್ಗೆಯನ್ನು ಕುರಿತು ಆಕೆ ಬರೆದ ಗ್ರಂಥ ಪ್ರಕಟವಾಯಿತು. ಅದನ್ನು ಆಕೆ ಅರ್ಪಿಸಿದುದು ಪ್ರಾಚೀನ ಪೆರು ದೇಶದ ನೇಕಾರರಿಗೆ. ಅವರೇ ತನ್ನ ದೊಡ್ಡ ಗುರುಗಳೆಂದು ಆಕೆ ಭಾವಿಸಿದ್ದಳು. ಅವರ ಬಟ್ಟೆಗಳು ಉಳಿದಿವೆ, ಹೆಸರುಗಳು ಉಳಿದಿಲ್ಲ. ತನ್ನ ಹೆಸರನ್ನು ತಾನೇ ದುಡಿದು ಗಳಿಸಿದವಳು ಹೆಸರಿಲ್ಲದವರಿಗೆ ತಲೆಬಾಗಿದಳು. ತನ್ನ ಹೊಕ್ಕು ಎಷ್ಟು ದೂರ ಓಡಿದರೂ, ಯಾರೋ ಹಿಂದೆಯೇ ಹೂಡಿಟ್ಟ ಹಾಸಿನ ಮೇಲೆಯೇ ಅದು ಓಡಿತೆಂಬುದನ್ನು ಆಕೆ ಬಲ್ಲವಳಾಗಿದ್ದಳು.