ಐದು ವ್ಯಾಟಿನಲ್ಲಿ ಪಳಗುವ ಸ್ಪೀಕರು

ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬನ್ನಿ. ಬಾಗಿಲ ಪಕ್ಕದಲ್ಲೇ ಖಾಲಿ ರಟ್ಟಿನ ಡಬ್ಬಗಳಿವೆ, ನೋಡಿಕೊಂಡು ಹೆಜ್ಜೆ ಇಡಿ. ಜಾಲಹಳ್ಳಿಯ ಈ ಮನೆಯ ಹಾಲ್‌ನಲ್ಲಿ ಸೋಫಾ ಗೋಡೆಗೆ ಸರಿದಿದೆ, ಟೀಪಾಯಿ ಅಡುಗೆಮನೆಗೆ ಹೋಗಿದೆ. ಕಿಟಕಿಯ ಕೆಳಗಿನ ಮೇಜಿನ ಮೇಲೆ ಅಲ್ಯುಮಿನಿಯಂ ತಟ್ಟೆಯೊಂದರಲ್ಲಿ ನಾಲ್ಕು ವಾಲ್ವ್‌ಗಳು ನಿಂತಿವೆ, ಹಿಂದೆ ಮೂರು ಟ್ರಾನ್ಸ್‌ಫಾರ್ಮರ್. ಸ್ವಿಚ್ ಇನ್ನೂ ಹಾಕಿಲ್ಲ.

"ಮೊದಲು ಸ್ಪೀಕರ್ ವೈರು ನೋಡಿದ್ಯೇನೋ?" ಎನ್ನುತ್ತಾರೆ ಮಾವ.

"ಬಿಗಿಯಾಗಿದೆ ಮಾವ."

ಹಾಗೆಂದರೂ ಅವರು ಬಗ್ಗಿ, ಒಂದೊಂದೇ ತಂತಿಯನ್ನು ಎಳೆದು ನೋಡುತ್ತಾರೆ. ವಾಲ್ವ್ ಆಂಪ್ಲಿಫೈಯರಿನ ಮೊದಲ ಪಾಠ ಇದು. ಸ್ಪೀಕರ್ ಇಲ್ಲದೆ ಹಾಡು ಹಚ್ಚಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಒಳಸುತ್ತಿನಲ್ಲಿ ವೋಲ್ಟೇಜು ಎಲ್ಲಿಗೋ ಏರಿ, ತಂತಿಯ ಮೇಲಿನ ನಿರೋಧಕ ಪದರವನ್ನು ತೂತು ಮಾಡಿಬಿಡಬಹುದು. ವಾಲ್ವ್ ಹೋದರೆ ಇನ್ನೊಂದು ಸಿಕ್ಕೀತು. ಟ್ರಾನ್ಸ್‌ಫಾರ್ಮರ್ ಹೋದರೆ ಹೊಸದಾಗಿ ಸುತ್ತಿಸಬೇಕು.

ಟಕ್. ಸ್ವಿಚ್ ಬಿತ್ತು. ಏನೂ ಆಗುವುದಿಲ್ಲ, ಕಾಯಿರಿ. ವಾಲ್ವ್‌ನ ನಡುವಿನ ಫಿಲಮೆಂಟು ಮೊದಲು ಮಂಕಾಗಿ, ಆಮೇಲೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಗಾಜಿನ ಮೇಲಿನ ಧೂಳು ಕಾಯ್ದ ವಾಸನೆ, ಅದರ ಹಿಂದೆಯೇ ಟ್ರಾನ್ಸ್‌ಫಾರ್ಮರಿನ ವಾರ್ನಿಷ್ ವಾಸನೆ. ಬಗ್ಗಿ ನೋಡಿದರೆ ಗಾಜಿನ ಮೇಲೆ ಅರ್ಧ ಅಳಿಸಿದ ಅಕ್ಷರ ಕಾಣುತ್ತದೆ: ಬಿಇಎಲ್, ಇಎಲ್-84. ಈ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಕಾರ್ಖಾನೆಯಲ್ಲಿ ಹುಟ್ಟಿದ ವಾಲ್ವ್ ಇದು. 1954ರಲ್ಲಿ ಆರಂಭವಾದ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೊ ವಾಲ್ವ್‌ಗಳನ್ನು ಮಾಡತೊಡಗಿತು. ನಮ್ಮ ಹಿರಿಯರು ಪ್ರದೇಶ ಸಮಾಚಾರ ಕೇಳಿದ ಎಷ್ಟೋ ರೇಡಿಯೊಗಳ ಹೊಟ್ಟೆಯಲ್ಲಿ ಇದ್ದದ್ದು ಇಂಥವೇ. ಮಾವ ಅಲ್ಲೇ ದುಡಿದು ನಿವೃತ್ತರಾದವರು. ಹಳೆಯ ರೇಡಿಯೊಗಳಿಂದ ಉಳಿಸಿಕೊಂಡ ವಾಲ್ವ್, ಎಸ್.ಪಿ. ರಸ್ತೆಯಲ್ಲಿ ಆಯ್ದು ತಂದ ಕೆಪಾಸಿಟರ್, ಇಷ್ಟರಲ್ಲಿ ಈ ಆಂಪ್ಲಿಫೈಯರ್ ಕಟ್ಟಿದ್ದಾರೆ. ಒಂದು ಚಾನಲ್‌ಗೆ ಒಂದೇ ಇಎಲ್-84. ಹೊರಬರುವುದು ಹೆಚ್ಚೆಂದರೆ 5 ವ್ಯಾಟ್.

ಐದು ವ್ಯಾಟ್ ಎಂದರೆ ನಿಮಗೆ ನಗು ಬರಬಹುದು. ಅಂಗಡಿಯಲ್ಲಿ ಸಾವಿರ ವ್ಯಾಟ್ ಎಂದು ಬರೆದ ಡಬ್ಬಗಳನ್ನು ನೋಡಿ ಬಂದವರು ನಾವು. ಈ ಐದನ್ನು ನಂಬಿಯೇ ಇಂದಿನ ಹೊಸ ಜೋಡಿ ಈ ಮನೆಗೆ ಬಂದಿದೆ. ಗೋಡೆಯ ಎರಡು ಮೂಲೆಯ ಬಳಿ ಸೊಂಟದೆತ್ತರಕ್ಕೆ ನಿಂತಿವೆಯಲ್ಲ, ಅವು. ಕೆಳಗೆ 12 ಇಂಚಿನ ಕಾಗದದ ಕೋನಿರುವ ವೂಫರ್, ಮೇಲೆ ಒಂದು ಹಾರ್ನ್. ಇವುಗಳ ಸೆನ್ಸಿಟಿವಿಟಿ 97 ಡೆಸಿಬಲ್. ಅಂದರೆ 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದರೆ ಅಷ್ಟು ಶಬ್ದ. ಮನೆಗಳಲ್ಲಿ ಸಾಮಾನ್ಯವಾಗಿ ಇರುವ ಪುಟ್ಟ ಸ್ಪೀಕರುಗಳದ್ದು 87ರ ಆಸುಪಾಸು. ಹತ್ತು ಡೆಸಿಬಲ್ ವ್ಯತ್ಯಾಸ ಎಂದರೆ ಹತ್ತು ಪಟ್ಟು ವ್ಯಾಟ್. ಈ ಆಂಪ್ಲಿಫೈಯರಿನ 5 ವ್ಯಾಟ್ ಇಲ್ಲಿ ಮಾಡುವ ಕೆಲಸಕ್ಕೆ ಅಲ್ಲಿ 50 ಬೇಕು. ಇಷ್ಟಾಗಿಯೂ ಒಳಗೆ ಹೋದ ವಿದ್ಯುತ್ತಿನಲ್ಲಿ ಶಬ್ದವಾಗುವುದು ನೂರಕ್ಕೆ ಮೂರು ಪಾಲು ಮಾತ್ರ, ಉಳಿದದ್ದೆಲ್ಲ ಶಾಖ. ಆ ಪುಟ್ಟ ಸ್ಪೀಕರಿನಲ್ಲಿ ಮೂರು ಪಾಲೂ ಇಲ್ಲ, ಒಂದರ ಮೂರನೇ ಒಂದು!

ಹಾರ್ನ್ ಹೊಸದೇನಲ್ಲ. ಮೂಕಿ ಹೋಗಿ ಟಾಕಿ ಬಂದಾಗ ಕೆಲವೇ ವ್ಯಾಟ್‌ಗಳಲ್ಲಿ ಇಡೀ ಚಿತ್ರಮಂದಿರ ತುಂಬಿಸಬೇಕಿತ್ತು, ಅದಕ್ಕೆ ಹಾರ್ನ್ ಬಿಟ್ಟರೆ ದಾರಿ ಇರಲಿಲ್ಲ. ಅದನ್ನು ಮನೆಯ ಮೂಲೆಗೆ ಹೊಂದಿಸಿ 1946ರಲ್ಲಿ ಅಮೆರಿಕದ ಆರ್ಕನ್ಸಾ ರಾಜ್ಯದ ಹೋಪ್ ಎಂಬ ಊರಿನಲ್ಲಿ ಕಂಪನಿ ಕಟ್ಟಿದವರು ಪಾಲ್ ಕ್ಲಿಪ್ಷ್. ವ್ಯಾಟ್ ಅಗ್ಗವಾದ ಮೇಲೆ ಜಗತ್ತು ಪುಟ್ಟ ಡಬ್ಬಗಳತ್ತ ಹೊರಳಿತು. ವಾಲ್ವ್ ಬಿಡದವರು ಮಾತ್ರ ದೊಡ್ಡ ಡಬ್ಬವನ್ನೂ ಬಿಡಲಿಲ್ಲ.

ಈಗ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂರಿ, ಕೋನಿನ ಅಂಚು ನೋಡಿ. ರಬ್ಬರ್ ಇಲ್ಲ, ಮಡಿಕೆ ಮಡಿಕೆಯಾದ ಬಟ್ಟೆ, ಅದರ ಮೇಲೆ ಅಂಟುಅಂಟಾದ ಕಪ್ಪು ಲೇಪ. ಇನ್ನೊಂದು ಡಬ್ಬದಲ್ಲಿ ಇನ್ನೂ ಕೂರಿಸದೆ ಬಿಡಿಯಾಗಿಟ್ಟ ವೂಫರನ್ನು ಮಾವ ಬೋರಲು ಹಾಕಿ ತೋರಿಸುತ್ತಾರೆ. ಕೋನಿನ ಹಿಂದೆ ಹಳದಿ ಬಣ್ಣದ, ಅಲೆಅಲೆಯಾದ ಬಟ್ಟೆಯ ಬಿಲ್ಲೆಯೊಂದಿದೆ. ಅದು ಸ್ಪೈಡರ್. ಅಯಸ್ಕಾಂತದ ಸಂದಿನಲ್ಲಿ ಕೋನನ್ನು ಆಡಿಸುವ ಕಾಯಿಲ್ ಆಚೀಚೆ ತಾಗದಂತೆ ನಡುವೆ ಹಿಡಿದಿಡುವುದು ಇದೇ. ರಾಳದಲ್ಲಿ ಅದ್ದಿ, ಬಿಸಿ ಅಚ್ಚಿನಲ್ಲಿ ಒತ್ತಿದ ಹತ್ತಿಬಟ್ಟೆ, ಗಂಜಿ ಹಾಕಿ ಒಣಗಿಸಿದ ಹೊಸ ಸೀರೆಯಂತೆ ಬಿರುಸು. ಎರಡೂ ಹೆಬ್ಬೆರಳನ್ನು ಕೋನಿನ ನಡುವಿನ ಆಚೀಚೆ ಸಮವಾಗಿ ಇಟ್ಟು ಮೆಲ್ಲಗೆ ಒತ್ತಿ. ಜಗ್ಗುವುದಿಲ್ಲ, ಅಲ್ಲವೇ? ಈ ಬಿರುಸು ಬಿಡುವುದಕ್ಕೇ ಸ್ಪೀಕರ್ ಪಳಗಿಸುವುದು ಎನ್ನುತ್ತೇವೆ. ಕೋನ್ ಹಿಂದೆ ಮುಂದೆ ಆಡುತ್ತ ಆಡುತ್ತ ರಾಳದಲ್ಲಿ ಕಣ್ಣಿಗೆ ಕಾಣದ ಬಿರುಕುಗಳೆದ್ದು, ಬಟ್ಟೆಯ ಎಳೆ ಸಡಿಲವಾಗುತ್ತದೆ. ಸಡಿಲವಾದಷ್ಟೂ ವೂಫರಿನ ಸಹಜ ಕಂಪನಾಂಕ ಕೆಳಗಿಳಿಯುತ್ತದೆ, ಅದರೊಂದಿಗೆ ತಗ್ಗಿನ ನಾದ ತುಂಬಿಕೊಳ್ಳುತ್ತದೆ.

ನುಡಿಸುವ ಮೊದಲು ಮಾವ ಇದನ್ನು ಅಳೆಯಬೇಕೆನ್ನುತ್ತಾರೆ. ಫೋನಿನಲ್ಲಿ ಸ್ವರ ಹುಟ್ಟಿಸುವ ಆ್ಯಪ್, ಐಸಿಯ ಪುಟ್ಟದೊಂದು ಆಂಪ್ಲಿಫೈಯರ್, ಸಾವಿರ ಓಮಿನ ರೆಸಿಸ್ಟರ್, ಒಂದು ಮಲ್ಟಿಮೀಟರ್, ಇಷ್ಟೇ ಸಾಮಾನು. ಇದಕ್ಕೆ ವಾಲ್ವ್ ಆಂಪ್ಲಿಫೈಯರ್ ಬಳಸಬಾರದು. ಸಾವಿರ ಓಮು ಅದರ ಮಟ್ಟಿಗೆ ಸ್ಪೀಕರ್ ಇಲ್ಲದಂತೆಯೇ ಸರಿ. ರೆಸಿಸ್ಟರಿನ ಮೂಲಕ ಡಬ್ಬಕ್ಕೆ ಹಾಕುವ ಮೊದಲಿನ ಬಿಡಿ ವೂಫರಿಗೆ ಸ್ವರ ಕೊಟ್ಟು, ಕಂಪನಾಂಕವನ್ನು ಕೆಳಗಿನಿಂದ ಏರಿಸುತ್ತ ಹೋಗುತ್ತಾರೆ. ಮೀಟರಿನ ಅಂಕಿ ಏರುತ್ತದೆ, ಏರುತ್ತದೆ, ಒಂದು ಕಡೆ ತುದಿ ಮುಟ್ಟಿ ಇಳಿಯತೊಡಗುತ್ತದೆ. ಆ ತುದಿಯೇ ಈ ವೂಫರಿನ ಸಹಜ ಕಂಪನಾಂಕ. ಡಬ್ಬದಲ್ಲಿರುವ ಮೊದಲನೆಯದನ್ನು ಹೀಗೆಯೇ ಅಳೆದಾಗಿತ್ತು; ಎರಡರ ತುದಿಯನ್ನೂ ರಟ್ಟಿನ ಮೇಲೆ ಪೆನ್ಸಿಲಿನಿಂದ ಬರೆದು, ಬಿಡಿ ವೂಫರನ್ನೂ ಅದರ ಡಬ್ಬದಲ್ಲಿ ಕೂರಿಸಿ ಸ್ಕ್ರೂ ಬಿಗಿದದ್ದಾಯಿತು.

ಇನ್ನು ಕೇಳೋಣ. ಹಾಡಿಗೂ ಮುಂಚೆ ಕಿವಿಯನ್ನು ಕೋನಿನ ಬಳಿ ತನ್ನಿ. ಸಣ್ಣಗೆ ಗುಂಯ್ ಎನ್ನುತ್ತಿದೆಯೇ? ಪವರ್ ಸಪ್ಲೈನಲ್ಲಿ ಉಳಿದ 100 ಹರ್ಟ್ಸ್‌ನ ಅಲೆ ಅದು. 87 ಡೆಸಿಬಲ್ ಸ್ಪೀಕರಿನಲ್ಲಿ ಕೇಳಿಸುತ್ತಲೇ ಇರಲಿಲ್ಲ. ಇಷ್ಟು ಸೂಕ್ಷ್ಮದ ಸ್ಪೀಕರ್ ಆಂಪ್ಲಿಫೈಯರಿನ ಗುಟ್ಟನ್ನೆಲ್ಲ ಹೊರಹಾಕುತ್ತದೆ. ಎರಡಡಿ ಹಿಂದೆ ಸರಿದರೆ ಕೇಳಿಸದು, ಅಷ್ಟಾದರೆ ಸಾಕು.

ಮಾವ ಹಾಕುವುದು ಗಂಗೂಬಾಯಿ ಹಾನಗಲ್ಲರ ರೆಕಾರ್ಡು. ಆ ಗಂಭೀರ ಕಂಠ ಎಂಥದೆಂದು ನಮಗೆ ಗೊತ್ತು, ಆದ್ದರಿಂದಲೇ ತಪ್ಪು ತಕ್ಷಣ ಹೊಳೆಯುತ್ತದೆ. ದನಿ ಗಂಟಲಿನಲ್ಲೇ ನಿಂತಿದೆ, ಎದೆಗೆ ಇಳಿದಿಲ್ಲ. ತಂಬೂರಿಯ ತಂತಿ ಕೇಳುತ್ತದೆ, ಬುರುಡೆ ಕೇಳುವುದಿಲ್ಲ. ಹಾರ್ನ್ ಮುಂದೆ ನುಗ್ಗಿ ಬರುತ್ತದೆ, ವೂಫರ್ ಹಿಂದೆಯೇ ಉಳಿದಿದೆ. ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಅತ್ತೆ ಬಾಗಿಲಿಗೆ ಬರುತ್ತಾರೆ. ವೀಣೆ ಪಾಠ ಹೇಳುವ ಕಿವಿ ಅವರದು. ಅರ್ಧ ನಿಮಿಷ ಕೇಳಿ, "ಇದಕ್ಕೇನಾ ಇಷ್ಟು ದುಡ್ಡು ಸುರಿದಿದ್ದು?" ಎನ್ನುತ್ತಾರೆ.

"ಈಗ್ಲೇ ಹೇಳ್ಬೇಡ ಕಣೇ. ಇನ್ನೂ ಬಿಗಿ ಬಿಟ್ಟಿಲ್ಲ ಅದು," ಎಂದು ಮಾವ ವಾಲ್ಯೂಮನ್ನು ಒಂದಿಷ್ಟು ಇಳಿಸುತ್ತಾರೆ.

ಹೊಸದಾಗಿ ಕೊಂಡವರು ಹೆಚ್ಚಾಗಿ ಎದೆಗುಂದುವುದು ಈ ಘಟ್ಟದಲ್ಲೇ. ಕೆಲವರು ಮರುವಾರವೇ ಮಾರಿಬಿಡುತ್ತಾರೆ. ದಕ್ಷ ಸ್ಪೀಕರಿನಲ್ಲಿ ಒಂದು ತೊಡಕಿದೆ. ಸ್ವಲ್ಪ ಆಡಿದರೂ ಸಾಕಷ್ಟು ಶಬ್ದ ಬರುವುದರಿಂದ ಕೋನ್ ಹೆಚ್ಚು ಆಡುವುದೇ ಇಲ್ಲ. ಮನೆಮಂದಿ ಮಾತಾಡಿಕೊಂಡು ಕೇಳುವ ಹಾಡಿಗೆ ಒಂದು ವ್ಯಾಟೂ ಬೇಕಾಗದು. ಅಷ್ಟಕ್ಕೆ ಆ ದೊಡ್ಡ ಕೋನ್ ಕೂದಲೆಳೆಯಷ್ಟು ಅಲುಗಿದರೆ ಹೆಚ್ಚು. ಸ್ಪೈಡರ್ ಸಡಿಲವಾಗಬೇಕಾದರೆ ಅದು ಬಾಗಬೇಕು. ಹಾಗಾಗಿ ಐದು ವ್ಯಾಟಿನ ಮನೆಯಲ್ಲಿ ಈ ಸ್ಪೀಕರ್ ಪಳಗಲು ಹೊತ್ತು ಹಿಡಿಯುತ್ತದೆ.

ಆದರೆ ಇನ್ನೊಂದು ಅನುಮಾನವನ್ನೂ ಬಗೆಹರಿಸಿಕೊಳ್ಳಬೇಕು. ಬದಲಾಗುವುದು ಸ್ಪೀಕರೋ, ನಮ್ಮ ಕಿವಿಯೋ? ದಿನವೂ ಕೇಳಿದ ಶಬ್ದಕ್ಕೆ ಕಿವಿ ಒಗ್ಗುತ್ತದೆ; ಮೊದಲ ದಿನದ ಕರ್ಕಶ ತಿಂಗಳಾದ ಮೇಲೆ ಸಹಜವೆನಿಸುತ್ತದೆ. ಮಾವ ಇದಕ್ಕೊಂದು ಉಪಾಯ ಮಾಡಿದ್ದಾರೆ. ಎಡದ ಸ್ಪೀಕರನ್ನು ಮಾತ್ರ ನುಡಿಸುವುದು, ಬಲದ್ದನ್ನು ಮುಟ್ಟದೆ ಬಿಡುವುದು. ಬಲ ಚಾನಲ್ ಖಾಲಿ ಬಿಡುವಂತಿಲ್ಲವಲ್ಲ, ಅದಕ್ಕೆ ಸ್ಪೀಕರಿನ ಬದಲು 8 ಓಮಿನ ದಪ್ಪ ವೈರ್‌ವೌಂಡ್ ರೆಸಿಸ್ಟರ್ ಕಟ್ಟಿದ್ದಾರೆ. ಮುಟ್ಟಿ ನೋಡಬೇಡಿ, ಬಿಸಿ ಇರುತ್ತದೆ.

ಹೀಗೆ ದಿನಗಳು ಹೋಗುತ್ತವೆ. ಬೆಳಗ್ಗೆ ರೇಡಿಯೊ, ಮಧ್ಯಾಹ್ನ ಮೃದಂಗದ ತನಿ, ಸಂಜೆ ಮಕ್ಕಳ ವೀಣೆ ಪಾಠದ ಹೊತ್ತಿಗೆ ಬಿಡುವು. ಕರೆಂಟ್ ಹೋದರೆ ಮಾವ ಓಡಿಬಂದು ಆಂಪ್ಲಿಫೈಯರ್ ಆರಿಸುತ್ತಾರೆ. ಮನೆಯ ಹಳೆಯ ಇನ್ವರ್ಟರಿನ ಚೌಕಾಕಾರದ ಅಲೆಗೆ ಟ್ರಾನ್ಸ್‌ಫಾರ್ಮರ್ ಗುರ್ ಎನ್ನುತ್ತದೆ, ಆ ಗುರ್ ಅಷ್ಟೂ ಸ್ಪೀಕರಿನಲ್ಲಿ ಕೇಳುತ್ತದೆ.

ಭಾನುವಾರ ಬೆಳಗ್ಗೆ ಪರೀಕ್ಷೆ. ಎರಡೂ ಡಬ್ಬಗಳನ್ನು ಪಕ್ಕಪಕ್ಕದಲ್ಲಿಟ್ಟು ಮುಂದೆ ಅತ್ತೆಯ ತೆಳ್ಳನೆಯ ಹತ್ತಿ ಸೀರೆಯನ್ನು ಪರದೆಯಾಗಿ ಕಟ್ಟಿದ್ದಾಗಿದೆ. ಅತ್ತೆ ಚಾಪೆಯ ಮೇಲೆ, ನೀವು ಅವರ ಪಕ್ಕ. ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರದು, ಒಂದೇ ಚಾನಲ್ಲಿನಲ್ಲಿ. ಪರದೆಯ ಹಿಂದೆ ನಾನು ತಂತಿ ಬದಲಿಸುತ್ತೇನೆ, ಪ್ರತಿಸಲವೂ ಆಂಪ್ಲಿಫೈಯರ್ ಆರಿಸಿಯೇ. ಯಾವ ಡಬ್ಬ ನುಡಿಯುತ್ತಿದೆ ಎಂದು ಅತ್ತೆಗೆ ಹೇಳುವುದಿಲ್ಲ.

ಸಾರಣಿ ತಂತಿಯ ಮೇಲಿನ ಓಟ ಎರಡರಲ್ಲೂ ಒಂದೇ. ಮೀಟಿನ ಸದ್ದು ಒಂದೇ. ಕಣ್ಣು ಮುಚ್ಚಿ ಕೇಳುತ್ತಿದ್ದ ಅತ್ತೆ ಬೆರಳೆತ್ತುವುದು ಕೈ ಅನುಮಂದ್ರಕ್ಕೆ ಇಳಿದಾಗ. ವೀಣೆಯ ಆ ತೀರ ದಪ್ಪ ತಂತಿಯ ನಾದ 60 ಹರ್ಟ್ಸ್‌ನ ಆಸುಪಾಸಿನದು. "ಇದರಲ್ಲಿ ಅನುಮಂದ್ರ ಕೊಡದಿಂದ ಬರ್ತಿದೆ. ಆಗಲೇ ಕೇಳಿದ್ದರಲ್ಲಿ ಬರೀ ತಂತಿ ಇತ್ತು." ಮತ್ತೆ ಬದಲಿಸಿದರೂ, ಬದಲಿಸಿದಂತೆ ನಟಿಸಿ ಸುಮ್ಮನಿದ್ದರೂ ಅವರು ಗುರುತಿಸುವುದು ನುಡಿಸಿ ಪಳಗಿಸಿದ ಡಬ್ಬವನ್ನೇ. ನೀವೂ ಕೇಳಿದಿರಲ್ಲ? ಮೀಟಿದ ಮೇಲೆ ಉಳಿಯುವ ನಾದ ನೆಲದುದ್ದಕ್ಕೂ ಹರಡಿ ನಿಧಾನಕ್ಕೆ ಕರಗುತ್ತದೆ. ಇನ್ನೊಂದರಲ್ಲಿ ಅದು ಬೇಗ ಮುಗಿದುಹೋಗುತ್ತದೆ.

ಹಾರ್ನಿನ ವಿಷಯ ಬೇರೆ. ಮೊದಲ ದಿನ ನುಗ್ಗಿ ಬಂದಂತೆ ಕೇಳಿದ ಆ ಮೇಲಿನ ಸ್ವರಗಳಲ್ಲಿ ಎರಡು ಡಬ್ಬಗಳ ನಡುವೆ ಅತ್ತೆಗಾಗಲಿ ನನಗಾಗಲಿ ಭೇದ ಸಿಗುವುದಿಲ್ಲ. ಕೆಳಗಿನ ನಾದ ತುಂಬಿಕೊಂಡದ್ದರಿಂದ ಮೇಲಿನದು ಹದವಾಗಿ ಕೇಳಿತು, ಉಳಿದದ್ದು ಕಿವಿ ಒಗ್ಗಿದ್ದು. ತಂತಿ, ಕನೆಕ್ಟರ್‌ಗಳನ್ನೂ ನೂರಾರು ಗಂಟೆ ಪಳಗಿಸಬೇಕೆನ್ನುವವರ ಮಾತನ್ನು ನಾನು ನಂಬುವುದಿಲ್ಲ. ಬಾಗುವ ಬಟ್ಟೆ ಬದಲಾಗುತ್ತದೆ, ಬದಲಾದದ್ದನ್ನು ಅಳೆಯಬಹುದು.

ಅಳೆದೂ ನೋಡೋಣ. ಎಡದ ವೂಫರನ್ನು ಬಿಚ್ಚಿ, ರಾತ್ರಿಯಿಡೀ ಸುಮ್ಮನಿಟ್ಟು, ಮಾರನೆಯ ದಿನ ಅದೇ ಮೀಟರಿನಲ್ಲಿ ತುದಿ ಹುಡುಕಿದರೆ ಅದು ಕೆಲವು ಹರ್ಟ್ಸ್ ಕೆಳಗೆ ಸರಿದಿದೆ. ರಾತ್ರಿ ಬಿಟ್ಟದ್ದು ಬೇಕೆಂದೇ. ನುಡಿಸಿದ ಕೂಡಲೇ ಬಿಸಿಗೆ ಸಡಿಲವಾದದ್ದು ಆರಿದ ಮೇಲೆ ಒಂದಿಷ್ಟು ಮರಳಿ ಬಿಗಿಯುತ್ತದೆ. ಉಳಿದ ವ್ಯತ್ಯಾಸವೇ ನಿಜವಾದ ಪಳಗುವಿಕೆ. ಹೆಬ್ಬೆರಳಿನಿಂದ ಒತ್ತಿ ನೋಡಿ, ಕೋನ್ ಈಗ ಕೈಗೆ ಬಗ್ಗುತ್ತದೆ.

ಬಲದ್ದಕ್ಕೆ ಇಷ್ಟು ದಿನ ಕಾಯುವ ತಾಳ್ಮೆ ಅತ್ತೆಗಿಲ್ಲ. ಆದ್ದರಿಂದ ಎರಡೂ ಡಬ್ಬಗಳನ್ನು ಮುಖಕ್ಕೆ ಮುಖ ಕೊಟ್ಟು, ಅಂಗೈ ಅಗಲದ ಸಂದು ಬಿಟ್ಟು ನಿಲ್ಲಿಸುತ್ತೇವೆ. ಒಂದಕ್ಕೆ ಕೆಂಪು-ಕಪ್ಪು ತಂತಿಗಳನ್ನು ಅದಲುಬದಲು ಮಾಡಿ ಎರಡಕ್ಕೂ ಒಂದೇ ಹಾಡು ಕೊಟ್ಟರೆ, ಒಂದು ಕೋನ್ ಮುಂದೆ ಬಂದಾಗ ಇನ್ನೊಂದು ಹಿಂದೆ ಸರಿಯುತ್ತದೆ. ತಗ್ಗಿನ ಶಬ್ದ ಬಹುಪಾಲು ಒಂದನ್ನೊಂದು ಅಳಿಸಿಹಾಕುತ್ತದೆ. ಮೇಲೊಂದು ದಪ್ಪ ಕಂಬಳಿ ಹೊದಿಸಿದರೆ ವಾಲ್ಯೂಮ್ ಏರಿಸಿದರೂ ಪಕ್ಕದ ಮನೆಗೆ ತೊಂದರೆಯಿಲ್ಲ. ಮನೆಯವರು ಎಚ್ಚರವಿರುವಾಗ ಮಾತ್ರ ಹೀಗೆ ಬಿಡಿ. ವಾಲ್ವ್ ಉರಿಯುತ್ತಿರುವಾಗ ಮನೆ ಬಿಟ್ಟು ಹೋಗಬೇಡಿ, ಕಂಬಳಿಯ ತುದಿ ಆಂಪ್ಲಿಫೈಯರಿನ ಹತ್ತಿರ ಬರಕೂಡದು.

ಎರಡೂ ಮೂಲೆಗೆ ಮರಳಿದ ಮೇಲೆ ಕೊನೆಯದೊಂದು ಕೆಲಸ ಉಳಿಯಿತು. ಈಗ ತಗ್ಗಿನ ನಾದ ಒಂಚೂರು ಹೆಚ್ಚೇ ತೂಗಾಡುತ್ತದೆ. ಒಂದೇ ವಾಲ್ವ್‌ನ ಆಂಪ್ಲಿಫೈಯರಿಗೆ ಕೋನನ್ನು ಹಿಡಿದು ನಿಲ್ಲಿಸುವ ಶಕ್ತಿ ಕಡಿಮೆ. ಮಾವ ಆರಿಸಿ, ತಂತಿಯನ್ನು 8 ಓಮಿನ ತಿರುಪಿನಿಂದ 4 ಓಮಿನದಕ್ಕೆ ಬದಲಿಸುತ್ತಾರೆ. ಶಬ್ದ ತುಸು ತಗ್ಗಿತು, ಮೃದಂಗದ ತೊಪ್ಪಿ ಗಟ್ಟಿಯಾಗಿ ನಿಂತಿತು. ಗಂಗೂಬಾಯಿಯವರ ರೆಕಾರ್ಡು ಮತ್ತೆ ತಿರುಗುತ್ತದೆ, ಅತ್ತೆ ಈ ಸಲ ಅಡುಗೆಮನೆಗೆ ಹೋಗದೆ ಕೂತಿದ್ದಾರೆ.

ನೀವೂ ಇಂಥ ಜೋಡಿಯನ್ನು ಮನೆಗೆ ತಂದಿದ್ದರೆ ಮೊದಲ ವಾರವೇ ತೀರ್ಪು ಕೊಡಬೇಡಿ, ಮಾರಲು ಹೊರಡಬೇಡಿ. ಒಂದನ್ನು ನುಡಿಸಿ, ಒಂದನ್ನು ಹಾಗೇ ಬಿಟ್ಟು, ನಿಮಗಿಂತ ಒಳ್ಳೆಯ ಕಿವಿಯವರನ್ನು ಕೂರಿಸಿ ಹೋಲಿಸಿ. ಆಂಪ್ಲಿಫೈಯರಿನ ತಳ ಮಾತ್ರ ಬಿಚ್ಚಬೇಡಿ: ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ 300 ವೋಲ್ಟಿನಷ್ಟು ಉಳಿದಿರಬಹುದು. ಅದು ಕೆಲಸ ಬಲ್ಲವರ ಕೈಗಿರಲಿ.