ಬಸವನಗುಡಿಯಲ್ಲಿ ನನ್ನದೊಂದು ಬಿಲ್ಡಿಂಗು

ನಾಲ್ಕು ಮಹಡಿ, ಎಂಟು ಮನೆ, ಒಂದೂ ಖಾಲಿಯಿಲ್ಲ, ಗಾಂಧಿಬಜಾರಿಗೆ ನಡೆದೇ ಹೋಗಬಹುದು. ಬ್ರೋಕರ್ ಇಷ್ಟು ಹೇಳಿ ಸುಮ್ಮನಾದ. ಉಳಿದದ್ದನ್ನೆಲ್ಲ ನನಗೆ ನಾನೇ ಹೇಳಿಕೊಂಡೆ.

ನಾನು ಬ್ಯಾಂಕಿನಲ್ಲಿ ಮನೆಸಾಲದ ಫೈಲು ನೋಡಿಯೇ ರಿಟೈರಾದವನು. ಖಾತೆ ಸರಿಯಿಲ್ಲದವರನ್ನು, ಮೂಲಪತ್ರ ಕಳೆದುಕೊಂಡವರನ್ನು ಮೇಜಿನಾಚೆ ನಿಲ್ಲಿಸಿ ಬುದ್ಧಿ ಹೇಳಿ ಕಳಿಸಿದವನು. ನೆಂಟರಲ್ಲಿ ಯಾರು ಸೈಟು ಕೊಂಡರೂ ಕಾಗದದ ಕಟ್ಟು ಮೊದಲು ನನ್ನ ಮುಂದೆ ಬರಬೇಕು. ಅಂಥವನಿಗೆ ಯಾರಾದರೂ ಟೋಪಿ ಹಾಕುವುದುಂಟೆ? ಯಾರೂ ಹಾಕಲಿಲ್ಲ. ನಾನೇ ಹಾಕಿಕೊಂಡೆ.

ಬಸವನಗುಡಿಯ ಮೇಲಿನ ಆಸೆ ಹಳೆಯದು. ಓದುವಾಗ ಇದೇ ಬೀದಿಗಳಲ್ಲಿ ಒಂದು ರೂಮಿಗಾಗಿ ಅಲೆದು, ಬ್ಯಾಚುಲರ್ ಎಂಬ ಕಾರಣಕ್ಕೆ ಗೇಟಿನಿಂದಲೇ ವಾಪಸಾಗಿದ್ದೆ. 1890ರ ದಶಕದಲ್ಲಿ ರೂಪುಗೊಂಡ ಬಡಾವಣೆ. 1898ರ ಪ್ಲೇಗಿನ ನಂತರ ಪೇಟೆಯ ಇಕ್ಕಟ್ಟು ಬಿಟ್ಟು ಬಂದವರಿಂದ ತುಂಬಿಕೊಂಡಿತು. ಆಗಿನ ಸೈಟುಗಳು ದೊಡ್ಡವು, ಮನೆಯ ಸುತ್ತ ತೆಂಗು, ಮಾವು. ಆಮೇಲೆ ಅಣ್ಣತಮ್ಮಂದಿರು ಹಂಚಿಕೊಂಡು, ಒಂದೊಂದು ಸೀಳಿನ ಮೇಲೂ ಒಂದೊಂದು ಬಿಲ್ಡಿಂಗ್ ಎದ್ದಿತು. ನಾನು ನೋಡಿದ್ದೂ ಅಂಥದೇ. ಪಕ್ಕದ ಗೋಡೆಗೂ ಇದಕ್ಕೂ ನಡುವೆ ಬೆಕ್ಕು ನುಸುಳುವಷ್ಟು ಜಾಗ.

ಕಾಗದಪತ್ರ ಮಾತ್ರ ಚೊಕ್ಕವಾಗಿತ್ತು. ಇ-ಖಾತಾ ಇತ್ತು, ಕಂದಾಯದ ರಸೀದಿಗಳಿದ್ದವು, ವಿಭಾಗಪತ್ರಕ್ಕೆ ಅಕ್ಕತಂಗಿಯರೆಲ್ಲರ ಸಹಿ ಬಿದ್ದಿತ್ತು. ಇಸಿ 2004ರಿಂದೀಚೆಗೆ ಆನ್‌ಲೈನಿನಲ್ಲೇ ಸಿಗುತ್ತದೆ. ಅದಕ್ಕೂ ಹಿಂದಿನದನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಅಲೆದು ತೆಗೆಸಿದೆ. ಒಂದು ಪೈಸೆಯ ಋಣವಿಲ್ಲ. ಓನರು ತಮ್ಮ ಕೈಯಾರೆ ಬರೆದುಕೊಟ್ಟ ಬಾಡಿಗೆಯ ಪಟ್ಟಿಯನ್ನು ಕೂಡಿಸಿ, ಸಾಲದ ಕಂತು ಕಳೆದು, ಉಳಿದದ್ದರಲ್ಲಿ ಕಾಶಿಯಾತ್ರೆಯನ್ನೂ ಮುಗಿಸಿದೆ. ಎರಡನೇ ಮಹಡಿಯವರನ್ನು ಬಿಡಿಸಿ ನಾವೇ ಹೋಗಿ ಇರುವುದೆಂದೂ ಒಳಗೊಳಗೇ ತೀರ್ಮಾನವಾಗಿತ್ತು.

"ರೀ, ಒಂದು ಸಲ ಮೇಲೆ ಹತ್ತಿ ಆ ಮನೆಗಳವರನ್ನ ಮಾತಾಡಿಸಿ ಬನ್ನಿ" ಅಂದಳು ಹೆಂಡತಿ.

"ಬಾಡಿಗೆಯವರ ಹತ್ರ ಏನು ಕೇಳೋದು? ಕಾಗದ ಎಲ್ಲ ಹೇಳುತ್ತೆ" ಅಂದೆ. ಕರಾರಿಗೆ ಸಹಿ ಹಾಕಿ ಅಡ್ವಾನ್ಸಿನ ಚೆಕ್ ಕೊಟ್ಟೆ.

ಮುಂದಿನ ಭಾನುವಾರ ಭಾವಮೈದುನನ ಸಂಸಾರವನ್ನು ಕರೆದುಕೊಂಡು ಬಿಲ್ಡಿಂಗ್ ತೋರಿಸಲು ಹೊರಟೆ. ಮೆಟ್ಟಿಲು ಹತ್ತುವಾಗ ನನ್ನ ದನಿ ಸ್ವಲ್ಪ ದೊಡ್ಡದಾಗಿಯೇ ಇದ್ದಿರಬೇಕು. ಎರಡನೇ ಮಹಡಿಯ ಬಾಗಿಲು ತೆರೆಯಿತು. ನಿವೃತ್ತ ಮೇಷ್ಟ್ರೊಬ್ಬರು ಕೈ ಮುಗಿದರು. "ತಗೊಳ್ತಿರೋರು ನೀವೇನಾ ಸಾರ್? ಒಳಗೆ ಬನ್ನಿ. ನಮ್ಮ ಭೋಗ್ಯದ ದುಡ್ಡು ಯಾವಾಗ ಕೊಡ್ತೀರಿ ಅಂತ ಕೇಳೋಣ ಅಂತಿದ್ದೆ."

"ಯಾವ ಭೋಗ್ಯ?" ಅಂದೆ. ಆ ಎರಡು ಮಾತನ್ನು ಭಾವಮೈದುನ ಇವತ್ತಿಗೂ ಮದುವೆ ಮುಂಜಿಗಳಲ್ಲಿ ನನ್ನದೇ ದನಿಯಲ್ಲಿ ಆಡಿ ತೋರಿಸುತ್ತಾನೆ.

ಭೋಗ್ಯ, ಬೆಂಗಳೂರಿನ ಬಾಯಲ್ಲಿ ಲೀಸು, ಗೊತ್ತಿಲ್ಲದವನೇನಲ್ಲ ನಾನು. ಒಟ್ಟಿಗೆ ಒಂದಷ್ಟು ಲಕ್ಷ ಕೊಟ್ಟರೆ ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇರಬಹುದು. ಬಿಡುವಾಗ ಓನರು ಅಷ್ಟೂ ದುಡ್ಡು ವಾಪಸ್ ಕೊಡಬೇಕು. ಆ ದುಡ್ಡು ಅಷ್ಟು ಹೊತ್ತಿಗೆ ಎಲ್ಲೋ ಖರ್ಚಾಗಿರುತ್ತದೆ, ಮುಂದೆ ಬರುವವರ ದುಡ್ಡಿನಲ್ಲಿ ಹಿಂದಿನವರದು ತೀರಬೇಕು. ಛಾಪಾಕಾಗದದ ಮೇಲೆ ಬರೆದು ಸಹಿ ಹಾಕಿದರೆ ಮುಗಿಯಿತು, ನೋಂದಣಿ ಮಾಡಿಸುವವರು ಅಪರೂಪ. ನೋಂದಣಿಯಾಗದ್ದು ಇಸಿಯಲ್ಲಿ ಕಾಣುವುದಿಲ್ಲ. ಎಂಟು ಮನೆಗಳಲ್ಲಿ ಐದು ಹೀಗೆ. ಮೇಷ್ಟ್ರಂತೂ ಪಿಂಚಣಿಯ ಗಂಟನ್ನೇ ಅಲ್ಲಿ ಹಾಕಿದ್ದರು. ಅದು ಕೈಗೆ ಬಾರದೆ ಮನೆ ಬಿಡುವ ಮಾತೇ ಇರಲಿಲ್ಲ.

ಅವರ ಮನೆಯವರು ಎಲ್ಲರಿಗೂ ಕಾಫಿ ತಂದರು. ಯಾರನ್ನು ಬಿಡಿಸಬೇಕೆಂದು ಲೆಕ್ಕ ಹಾಕಿದ್ದೆನೋ ಅವರ ಸೋಫಾದ ಮೇಲೆ ಕೂತು, ಅವರದೇ ಕಾಫಿ ಕುಡಿಯಬೇಕಾಯಿತು. ಹೊಸ ಓನರು ಹೇಗಿರುತ್ತಾರೋ ಎಂದು ಅವರೇ ಹೆದರಿದ್ದರಂತೆ. ಲೋಟ ಕೆಳಗಿಡುವವರೆಗೂ ತಲೆ ಎತ್ತಲಾಗಲಿಲ್ಲ.

ಓನರನ್ನು ಕೇಳಿದರೆ ಸಿಟ್ಟೂ ಬರಲಿಲ್ಲ ಅವರಿಗೆ. "ಬಾಡಿಗೆಗೆ ಕೊಟ್ರೆ ಇಷ್ಟು ಬರುತ್ತೆ ಅಂತ ಬರೆದುಕೊಟ್ಟೆ ಸಾರ್. ಬರ್ತಿದೆ ಅಂತ ಎಲ್ಲಿ ಹೇಳಿದೆ?" ಪಟ್ಟಿ ತೆಗೆದು ನೋಡಿದೆ. ನಿಜ, ಹೇಳಿರಲಿಲ್ಲ.

ಆಮೇಲೆ ವಕೀಲರ ಬಳಿ ಹೋದಾಗ ಅವರು 1882ರ ಸ್ವತ್ತು ವರ್ಗಾವಣೆ ಕಾಯ್ದೆ ತೆರೆದಿಟ್ಟರು. ಮನೆಯೊಳಗೆ ಯಾರು ವಾಸವಿದ್ದಾರೋ ಅವರಿಗಿರುವ ಹಕ್ಕು ಕೊಳ್ಳುವವನಿಗೆ ಗೊತ್ತಿತ್ತೆಂದೇ ಕಾನೂನು ಲೆಕ್ಕ ಹಿಡಿಯುತ್ತದೆ. ಗೊತ್ತಿರಲಿಲ್ಲ ಎನ್ನುವ ಮಾತು ನಡೆಯುವುದಿಲ್ಲ. ಬ್ಯಾಂಕಿನಲ್ಲಿದ್ದಾಗ, ಮನೆಯ ಹತ್ತಿರ ಹೋಗದೆ ಕುರ್ಚಿಯಲ್ಲೇ ಕೂತು ಸ್ಥಳ ಪರಿಶೀಲನೆಯ ವರದಿ ಬರೆದ ಕಿರಿಯರನ್ನು ನಾನು ಬೈದು ನೀರಿಳಿಸಿದ್ದುಂಟು. ಅವರೆಲ್ಲ ನೆನಪಾದರು. ಬ್ರೋಕರನ್ನು, ವಕೀಲರನ್ನು, ಕಂದಾಯದವರನ್ನು, ಎದುರಿನ ದರ್ಜಿಯನ್ನೂ ವಿಚಾರಿಸಿದ್ದೆ. ಅಲ್ಲಿ ವಾಸವಿದ್ದವರೊಬ್ಬರನ್ನು ಬಿಟ್ಟು. ಬಾಡಿಗೆಯವನಾಗಿ ಗೇಟಿನಿಂದ ವಾಪಸಾದವನಿಗೆ, ಓನರಾಗುವ ಮೊದಲೇ ಬಾಡಿಗೆಯವರು ಲೆಕ್ಕಕ್ಕಿಲ್ಲದೆ ಹೋದದ್ದು ಹೇಗೆ ಎಂಬುದಕ್ಕೆ ನನ್ನ ಬಳಿ ಒಳ್ಳೆಯ ಉತ್ತರವಿಲ್ಲ.

ಜಗ್ಗಾಡಿ ಅಡ್ವಾನ್ಸಿನಲ್ಲಿ ಮುಕ್ಕಾಲು ಪಾಲು ವಾಪಸಾಯಿತು. ಬಿಲ್ಡಿಂಗ್ ಇನ್ನೂ ಮಾರಾಟಕ್ಕಿದೆ. ನೀವೇನಾದರೂ ನೋಡಲು ಹೋದರೆ ಎರಡನೇ ಮಹಡಿಯ ಮೇಷ್ಟ್ರನ್ನು ಮೊದಲು ಮಾತಾಡಿಸಿ. ಏನು ಕೇಳಿದರೂ ಹೇಳುತ್ತಾರೆ.